ಮೀನು ಮಲಗಿದರೆ ಮೊದಲು ನೀರು ನೋಡಿ

ಹಾಲ್‌ನಲ್ಲಿಟ್ಟ ಅಕ್ವೇರಿಯಂನ ಮೀನು ಬೆಳಗಾಗುವಷ್ಟರಲ್ಲಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದರೆ ನಮ್ಮ ಕಡೆ ಹೇಳುವ ಸಮಾಧಾನದ ಮಾತೊಂದಿದೆ: 'ಹೋಗ್ಲಿ ಬಿಡಿ, ಮನೆಗೆ ಬರಬೇಕಿದ್ದ ಕಂಟಕವನ್ನ ಅದೇ ತಗೊಂಡು ಹೋಯ್ತು.' ವಾಸ್ತು ಕೇಳಿ ಅರೋವಾನ ತಂದವರು, ಅದೃಷ್ಟ ಖುಲಾಯಿಸಲೆಂದು ತಲೆಯ ಮೇಲೆ ದಪ್ಪ ಗುಬುಟಿರುವ ಫ್ಲವರ್‌ಹಾರ್ನ್ ತಂದವರು, ಎಂಟು ಕೆಂಪು ಒಂದು ಕಪ್ಪು ಎಂದು ಎಣಿಸಿ ಗೋಲ್ಡ್ ಫಿಶ್ ತಂದವರು, ಎಲ್ಲರೂ ಇದನ್ನೇ ಹೇಳುತ್ತಾರೆ. ಅಳುವ ಮಗುವಿನ ಮುಂದೆ ಹೇಳಲು ಒಳ್ಳೆಯ ಮಾತೇ. ತೊಂದರೆ ಏನೆಂದರೆ, ಈ ಮಾತು ಬಾಯಿಂದ ಬಿದ್ದ ಮೇಲೆ ಆ ಮೀನು ಯಾಕೆ ಸತ್ತಿತು ಎಂದು ಯಾರೂ ವಿಚಾರಿಸುವುದಿಲ್ಲ. ಮರುವಾರ ಅದೇ ನೀರಿಗೆ ಹೊಸ ಮೀನು ಬರುತ್ತದೆ. ತಿಂಗಳೊಪ್ಪತ್ತಿನಲ್ಲಿ ಅದೂ ಒಂದು ಕಂಟಕ ಹೊತ್ತುಕೊಂಡು ಹೋಗುತ್ತದೆ. ಕೆಲವು ಮನೆಗಳಿಗೆ ವರ್ಷಕ್ಕೆ ಅದೆಷ್ಟು ಕಂಟಕಗಳು ಕಾದಿರುತ್ತವೋ!

ಗೋಲ್ಡ್ ಫಿಶ್ ಎಷ್ಟು ಕಾಲ ಬದುಕುತ್ತದೆ ಎಂದು ಕೇಳಿ ನೋಡಿ. ಆರು ತಿಂಗಳು, ಬಹಳವೆಂದರೆ ಒಂದು ವರ್ಷ ಎನ್ನುವವರೇ ಹೆಚ್ಚು. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಆಟವೊಂದರಲ್ಲಿ ಬಹುಮಾನವಾಗಿ ಬಂದ ಟಿಶ್ ಎಂಬ ಗೋಲ್ಡ್ ಫಿಶ್ ಸತ್ತದ್ದು 1999ರಲ್ಲಿ. ಆಗ ಅದಕ್ಕೆ 43 ವರ್ಷ. ಗಿನ್ನೆಸ್ ದಾಖಲೆಯಲ್ಲಿ ಅದರ ಹೆಸರಿದೆ. ಅಷ್ಟು ಆಯಸ್ಸು ಅಪರೂಪ, ಒಪ್ಪಿದೆ. ಆದರೆ ಚೆನ್ನಾಗಿ ಸಾಕಿದರೆ ಹತ್ತು ವರ್ಷ ಬಾಳುವುದು ಅದಕ್ಕೆ ದೊಡ್ಡ ಮಾತಲ್ಲ. ಗುಂಡನೆಯ ಗಾಜಿನ ಬೌಲಿನಲ್ಲಿ ಆರು ತಿಂಗಳಿಗೆ ಸತ್ತ ಗೋಲ್ಡ್ ಫಿಶ್ ಎಳೆಯ ಪ್ರಾಯದಲ್ಲೇ ಹೋಗಿದೆ ಎಂದರ್ಥ. ಅದನ್ನು ಕೊಂದದ್ದು ಬಹುಮಟ್ಟಿಗೆ ನೀರು.

ಕಾಯಿಲೆ ಬಿದ್ದ ಮೀನಿನ ಆರೈಕೆಯ ಬಗ್ಗೆ ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಈ ನೀರಿನ ವಿಚಾರವೇ. ಔಷಧಿಯ ಬಾಟಲಿಗೆ ಕೈ ಹಾಕುವ ಮೊದಲು ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ.

ಮೀನು ಉಸಿರಾಡುವುದು, ಉಣ್ಣುವುದು, ಕಕ್ಕಸು ಮಾಡುವುದು ಎಲ್ಲ ಅದೇ ಇಪ್ಪತ್ತು ಐವತ್ತು ಲೀಟರಿನಲ್ಲಿ. ಅದರ ಮೈಯ ಕಲ್ಮಷ ಬಹುಪಾಲು ಅಮೋನಿಯದ ರೂಪದಲ್ಲಿ, ಅದೂ ಕಿವಿರಿನ ಮೂಲಕವೇ ಹೊರಗೆ ಹೋಗುತ್ತದೆ. ನೀರಿನಲ್ಲೇ ಅಮೋನಿಯ ಸೇರಿಕೊಂಡಿದ್ದರೆ ಒಳಗಿನದು ಹೊರಗೆ ಹೋಗಲಾರದು; ಕಿವಿರು ಸುಟ್ಟಂತಾಗಿ ಕೆಂಪಾಗುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಹಸಿ ಸೌದೆ ಒಲೆ ಹೊತ್ತಿಸಿ ಕೂತಂತೆ. ಆ ಹೊಗೆಯಲ್ಲಿ ಕೆಮ್ಮುವವನಿಗೆ ಕೆಮ್ಮಿನ ಔಷಧಿ ಕುಡಿಸುವ ಕೆಲಸವನ್ನೇ ನಾವು ಮೀನಿನ ವಿಷಯದಲ್ಲಿ ಮಾಡುತ್ತಿರುವುದು.

ಕೆರೆ ಹೊಳೆಗಳಲ್ಲಿ ಈ ಅಮೋನಿಯವನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳಿವೆ. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಒಂದೇ ಜೀವಿ ಎರಡೂ ಕೆಲಸ ಮಾಡಲಾರದು ಎಂದು ನೂರು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನಿಗಳು ನಂಬಿಕೊಂಡಿದ್ದರು. 2015ರಲ್ಲಿ ಎರಡೂ ಕೆಲಸವನ್ನು ಒಬ್ಬಂಟಿಯಾಗಿ ಮಾಡುವ ನೈಟ್ರೋಸ್ಪೈರ ಪತ್ತೆಯಾಯಿತು. ಅದನ್ನು ಕಂಡ ಜಾಗಗಳಲ್ಲಿ ಒಂದು, ಮೀನು ಸಾಕಣೆಯ ನೀರು ಶುದ್ಧ ಮಾಡುವ ಫಿಲ್ಟರ್! ಮನೆಯ ಅಕ್ವೇರಿಯಂನಲ್ಲೂ ಇಂಥ ಬ್ಯಾಕ್ಟೀರಿಯಾಗಳ ಮುಖ್ಯ ವಸತಿ ಫಿಲ್ಟರಿನ ಸ್ಪಾಂಜು ಮತ್ತು ತಳದ ಜಲ್ಲಿ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ತಿಂಗಳ ಮೇಲೆ ಬೇಕಾಗಬಹುದು. ನಾವೋ, ಬೆಳಿಗ್ಗೆ ಟ್ಯಾಂಕ್ ತಂದು ಸಂಜೆಗೆ ಹನ್ನೆರಡು ಮೀನು ಬಿಡುತ್ತೇವೆ.

ಇನ್ನೊಂದು, ನಮ್ಮ ಶುಚಿತ್ವದ ಖಯಾಲಿ. ಹಬ್ಬ ಬಂತೆಂದರೆ ಅಕ್ವೇರಿಯಂ ಪೂರ್ತಿ ಖಾಲಿ ಮಾಡಿ, ಜಲ್ಲಿಯನ್ನು ಅಕ್ಕಿ ತೊಳೆದ ಹಾಗೆ ತೊಳೆದು, ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡುತ್ತೇವೆ. ನಲ್ಲಿ ನೀರಿನ ಕ್ಲೋರಿನ್ ಅಷ್ಟೂ ಬ್ಯಾಕ್ಟೀರಿಯಾಗಳ ವಂಶ ತೆಗೆಯುತ್ತದೆ. ಮೂರ್ನಾಲ್ಕು ದಿನಕ್ಕೆ ಮೀನು ಮೂಲೆ ಹಿಡಿಯುತ್ತದೆ. 'ಮೊನ್ನೆ ತಾನೇ ಕ್ಲೀನ್ ಮಾಡಿದ್ದೆ, ಆದರೂ ಹೀಗಾಯಿತಲ್ಲ' ಎಂದು ಜನ ಪೇಚಾಡುತ್ತಾರೆ. ಆ 'ಆದರೂ' ಇರುವ ಕಡೆ 'ಅದಕ್ಕೇ' ಎಂದಿರಬೇಕು. ಸ್ಪಾಂಜನ್ನು ತೊಳೆಯಲೇಬೇಕಿದ್ದರೆ ಟ್ಯಾಂಕಿನಿಂದ ತೆಗೆದ ಹಳೆಯ ನೀರಿನಲ್ಲೇ ಮೆಲ್ಲಗೆ ಅದ್ದಿ ಹಿಂಡಿ, ಕೊಳೆ ಬಿಟ್ಟರೆ ಸಾಕು.

ಹಾಗಾದರೆ ಮೀನು ಮಂಕಾದಾಗ ಮೊದಲು ಮಾಡುವುದೇನು? ನೋಡುವುದು. ಈಜುರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡಿದೆಯೇ, ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿದೆಯೇ, ಜಲ್ಲಿಗೆ ಪಕ್ಕೆ ಉಜ್ಜಿಕೊಳ್ಳುತ್ತಿದೆಯೇ, ಊಟ ಬಾಯಿಗೆ ಹಾಕಿ ಉಗುಳುತ್ತಿದೆಯೇ. ಒಂದೇ ಮೀನಿಗೆ ಹೀಗಾಗಿದ್ದರೆ ರೋಗವೋ ಗಾಯವೋ ಇರಬಹುದು. ಎಲ್ಲವೂ ಏಕಕಾಲಕ್ಕೆ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲೇ ಕೆಡುಕು. ಹೆಚ್ಚು ಯೋಚನೆ ಬೇಕಿಲ್ಲ. ಫೈಟರ್ ಮೀನು ಮಾತ್ರ ಇದಕ್ಕೆ ಹೊರತು. ಗಾಳಿಯಿಂದಲೇ ಉಸಿರು ಎಳೆದುಕೊಳ್ಳುವ ಅಂಗ ಅದರ ತಲೆಯಲ್ಲಿರುವುದರಿಂದ ಮೇಲೆ ಬಂದು ಗುಟುಕು ಗಾಳಿ ಕುಡಿದು ಹೋಗುವುದು ಅದಕ್ಕೆ ದಿನಚರಿ.

ಆಮೇಲೆ ಟೆಸ್ಟ್ ಕಿಟ್. ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ಇಲ್ಲಿ ಬೋರ್‌ವೆಲ್ ನೀರಿನವರು ಗಮನಿಸಬೇಕಾದ ಸಂಗತಿ ಒಂದಿದೆ. ಅಮೋನಿಯದ ಅಳತೆ ಒಂದೇ ಇದ್ದರೂ ಅದರ ವಿಷ ನೀರಿನ ಕ್ಷಾರದ ಮೇಲೆ ನಿಂತಿದೆ. 25 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ಶೇ 0.6ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇ 5 ದಾಟುತ್ತದೆ. ಹತ್ತಿರ ಹತ್ತಿರ ಹತ್ತು ಪಟ್ಟು. ನಮ್ಮ ಬಯಲುಸೀಮೆಯ ಬಹಳಷ್ಟು ಬೋರ್‌ವೆಲ್‌ಗಳ ನೀರು ಗಡಸು, ಕ್ಷಾರೀಯ. ಮಲೆನಾಡಿನ ಬಾವಿ ನೀರಿನಲ್ಲಿ ಮೀನು ಸಹಿಸಿಕೊಂಡ ಅಮೋನಿಯ ಕೋಲಾರದ ಬೋರ್‌ವೆಲ್ ನೀರಿನಲ್ಲಿ ಅದರ ಪ್ರಾಣ ತೆಗೆಯಬಹುದು.

ಕಿಟ್ ಇಲ್ಲದಿದ್ದರೂ ತಪ್ಪಿಲ್ಲದ ಕೆಲಸವೆಂದರೆ ನೀರು ಬದಲಿಸುವುದು. ಪೂರ್ತಿ ಅಲ್ಲ, ಮೂರನೇ ಒಂದು ಭಾಗ, ಅಗತ್ಯ ಬಿದ್ದರೆ ಮರುದಿನ ಮತ್ತಷ್ಟು. ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಲಿ. ಕಾವೇರಿ ನಲ್ಲಿ ನೀರಾದರೆ ಬಕೆಟ್ಟಿನಲ್ಲಿ ಒಂದು ದಿನ ಗಾಳಿಗುಳ್ಳೆ ಬಿಟ್ಟು ಇಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ನಾಲ್ಕು ಹನಿ ಹಾಕಿ. ಅದು ಸೋಡಿಯಂ ಥಯೋಸಲ್ಫೇಟ್. ಕ್ಲೋರಿನ್ನನ್ನು ಆ ಕ್ಷಣಕ್ಕೇ ಮುಗಿಸುತ್ತದೆ. ಟ್ಯಾಂಕರ್ ನೀರಿನ ಮೂಲ ಟ್ಯಾಂಕರಿನವನಿಗೂ ಗೊತ್ತಿರುವುದಿಲ್ಲ. ಅದನ್ನಂತೂ ಪರೀಕ್ಷಿಸದೆ ಸುರಿಯಬೇಡಿ.

ಮತ್ತೆ, ಊಟ ನಿಲ್ಲಿಸಿ. ಇದನ್ನು ಹೇಳಿದರೆ ಮನೆಯ ಹಿರಿಯರಿಗೆ ಸಿಟ್ಟು ಬರುತ್ತದೆ. ಹುಷಾರಿಲ್ಲದವರಿಗೆ ಗಂಜಿಯನ್ನಾದರೂ ಕುಡಿಸುವ ಸಂಸ್ಕೃತಿ ನಮ್ಮದು. ಮೀನಿನ ಮೈ ಬಿಸಿ ಕಾಪಾಡಿಕೊಳ್ಳಬೇಕಾದ ಮೈಯಲ್ಲ, ಅದಕ್ಕೆ ನಮ್ಮಷ್ಟು ಇಂಧನ ಬೇಡ. ಬೆಳೆದ ಮೀನು ನಾಲ್ಕೈದು ದಿನ ಉಪವಾಸ ಇದ್ದರೆ ಏನೂ ಆಗದು. ತಿನ್ನದೆ ಬಿಟ್ಟ ಕಾಳು ತಳದಲ್ಲಿ ಕೊಳೆತು ಅಮೋನಿಯ ಏರಿಸಿದರೆ ಖಂಡಿತ ಆಗುತ್ತದೆ.

ಉಪ್ಪಿನ ಮಹಿಮೆ

ಅಕ್ವೇರಿಯಂ ಅಂಗಡಿಯಲ್ಲಿ ಎಷ್ಟೇ ಬಣ್ಣದ ಬಾಟಲಿಗಳಿರಲಿ, ಸಿಹಿನೀರಿನ ಮೀನಿಗೆ ನಮ್ಮ ಅಡುಗೆಮನೆಯ ಕಲ್ಲುಪ್ಪಿನಷ್ಟು ಅಗ್ಗದ, ನಂಬಿಕಸ್ಥ ಮದ್ದು ಮತ್ತೊಂದಿಲ್ಲ. ಅದು ಕೆಲಸ ಮಾಡುವ ಬಗೆ ಸ್ವಾರಸ್ಯವಾಗಿದೆ. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಬಹಳ ಉಪ್ಪು; ಸಮುದ್ರದ ನೀರಿನ ಸುಮಾರು ಮೂರನೇ ಒಂದರಷ್ಟು. ಹಾಗಾಗಿ ನೀರು ಸದಾ ಕಿವಿರಿನಿಂದ ಒಳಗೆ ನುಗ್ಗುತ್ತಲೇ ಇರುತ್ತದೆ, ಉಪ್ಪು ಹೊರಗೆ ಸೋರುತ್ತಲೇ ಇರುತ್ತದೆ. ಒಳಬಂದ ನೀರನ್ನು ಮೂತ್ರಪಿಂಡ ಹಗಲು ರಾತ್ರಿ ಹೊರಗೆ ಹಾಕುತ್ತಿರಬೇಕು. ಮೈಮೇಲಿನ ಲೋಳೆ ಮತ್ತು ಹುರುಪೆ ಈ ಸೋರಿಕೆಗೆ ಅಡ್ಡಗೋಡೆ. ಗಾಯವಾಗಿ ಗೋಡೆಯಲ್ಲಿ ತೂತು ಬಿತ್ತೋ, ಮೀನಿನ ಅರ್ಧ ಶಕ್ತಿ ನೀರು ಹೊರಹಾಕುವುದಕ್ಕೇ ಖರ್ಚು. ನೀರಿಗೆ ಒಂದಿಷ್ಟು ಉಪ್ಪು ಬೆರೆಸಿದರೆ ಒಳಗೆ ಹೊರಗಿನ ಅಂತರ ಕಡಿಮೆಯಾಗಿ ಆ ಶಕ್ತಿ ಗಾಯ ಮಾಯಿಸಲು ಉಳಿಯುತ್ತದೆ.

ನೈಟ್ರೈಟ್ ವಿಷಕ್ಕಂತೂ ಉಪ್ಪು ನೇರ ಮದ್ದು. ನೈಟ್ರೈಟ್ ರಕ್ತ ಸೇರಿದರೆ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಕೆಲಸ ಬಿಡುತ್ತದೆ, ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಉಪ್ಪಿನ ಕ್ಲೋರೈಡ್ ಮತ್ತು ನೈಟ್ರೈಟ್ ಎರಡೂ ಕಿವಿರಿನಲ್ಲಿ ಒಂದೇ ಬಾಗಿಲಿನಿಂದ ಒಳಬರುವಂಥವು. ಕ್ಲೋರೈಡ್ ಹೆಚ್ಚಿದ್ದರೆ ನೈಟ್ರೈಟಿಗೆ ಜಾಗ ಸಿಗುವುದಿಲ್ಲ.

ಅಳತೆ? ಸಾಧಾರಣ ಆರೈಕೆಗೆ ಲೀಟರಿಗೆ ಒಂದು ಗ್ರಾಂ, ಅಂದರೆ ಐವತ್ತು ಲೀಟರಿನ ಟ್ಯಾಂಕಿಗೆ ಐವತ್ತು ಗ್ರಾಂ. ಪರಾವಲಂಬಿಗಳಿದ್ದರೆ ಎರಡು ಮೂರು ಗ್ರಾಂವರೆಗೆ, ಎರಡು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ. ಚೊಂಬಿನಲ್ಲಿ ಕರಗಿಸಿ ಹಾಕಿ. ಹರಳು ಮೀನಿನ ಮೈಮೇಲೆ ಬೀಳಬಾರದು. ನೀರು ಆವಿಯಾದರೂ ಉಪ್ಪು ಆವಿಯಾಗದು ಎಂಬುದು ನೆನಪಿರಲಿ. ತೆಗೆದು ಬದಲಿಸಿದ ನೀರಿಗೆ ಎಷ್ಟೋ ಅಷ್ಟೇ ಮತ್ತೆ ಸೇರಿಸಬೇಕು. ಗಿಡಗಳಿರುವ ಟ್ಯಾಂಕಿಗೆ, ಹುರುಪೆಯಿಲ್ಲದ ಕ್ಯಾಟ್‌ಫಿಶ್, ಲೋಚ್‌ಗಳಿರುವ ಕಡೆಗೆ ಈ ಪ್ರಮಾಣದ ಉಪ್ಪು ಹೊಂದುವುದಿಲ್ಲ. ಇನ್ನು ಅರಿಶಿನ, ಬೇವು ಎಂದು ಪ್ರಯೋಗಕ್ಕಿಳಿಯುವವರಿಗೆ ಒಂದು ಮಾತು: ಬೇವಿನ ಸಾರ ಹೆಚ್ಚಾದರೆ ಮೀನಿಗೇ ವಿಷ. ಮನೆಮದ್ದೇ ಬೇಕೆಂದರೆ ರಸ್ತೆ ಬದಿಯ ಕಾಡುಬಾದಾಮಿ ಮರದ ಕೆಳಗೆ ಉದುರಿದ ಒಣ ಎಲೆ ಒಂದನ್ನು ತೊಳೆದು ಹಾಕಿ. ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಅದರ ಟ್ಯಾನಿನ್‌ನಿಂದ ನೀರು ತುಸು ಹುಳಿಯಾಗುತ್ತದೆ. ಫೈಟರ್ ಸಾಕುವವರು ಇದನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ.

ಕಾಯಿಲೆಯ ಮೀನನ್ನು ಬೇರೆ ಇಡಲು ಇಪ್ಪತ್ತು ಮೂವತ್ತು ಲೀಟರಿನ ಇನ್ನೊಂದು ಟ್ಯಾಂಕ್ ಇದ್ದರೆ ಒಳ್ಳೆಯದು. ಸೋಪು ಕಾಣದ ಪ್ಲಾಸ್ಟಿಕ್ ಟಬ್ ಆದರೂ ನಡೆದೀತು. ಜಲ್ಲಿ ಬೇಡ, ಗಿಡ ಬೇಡ, ಬಣ್ಣದ ಬೊಂಬೆ ಬೇಡ. ಒಂದು ಸ್ಪಾಂಜ್ ಫಿಲ್ಟರ್, ಒಂದು ಹೀಟರ್, ಅವಿತುಕೊಳ್ಳಲು ಪಿವಿಸಿ ಪೈಪಿನ ತುಂಡು, ಮೇಲೊಂದು ಬಟ್ಟೆ. ಕತ್ತಲು ಮೀನಿಗೆ ನೆಮ್ಮದಿ. ಆ ಸ್ಪಾಂಜು ಮಾತ್ರ ಹೊಸದಾಗಿರಬಾರದು. ದೊಡ್ಡ ಟ್ಯಾಂಕಿನ ಮೂಲೆಯಲ್ಲಿ ಸದಾ ಒಂದು ಹೆಚ್ಚುವರಿ ಸ್ಪಾಂಜು ಓಡುತ್ತಿದ್ದರೆ ಬೇಕಾದಾಗ ಬ್ಯಾಕ್ಟೀರಿಯಾ ಸಮೇತ ಎತ್ತಿಟ್ಟುಕೊಳ್ಳಬಹುದು. ಮೀನನ್ನು ಸಾಗಿಸುವಾಗ ಬಲೆಗಿಂತ ಲೋಟ ಮೇಲು. ಬಲೆಯ ನೂಲು ಲೋಳೆಯನ್ನು ಕೆರೆದು ತೆಗೆಯುತ್ತದೆ. ಹೊಸದಾಗಿ ತಂದ ಮೀನನ್ನೂ ಇದೇ ತೊಟ್ಟಿಯಲ್ಲಿ ಮೂರು ನಾಲ್ಕು ವಾರ ಇಟ್ಟು, ಆಮೇಲೆ ಉಳಿದವುಗಳ ಜೊತೆ ಬಿಡುವವರ ಮನೆಯಲ್ಲಿ ಔಷಧಿಯ ಖರ್ಚೇ ಕಡಿಮೆ.

ಬಿಳಿಚುಕ್ಕಿಯ ಲೆಕ್ಕಾಚಾರ

ದೀಪಾವಳಿ ಕಳೆದು ರಾತ್ರಿ ಚಳಿ ಹತ್ತಿದಾಗ ಅಕ್ವೇರಿಯಂನವರ ಮನೆಗೆ ಬರುವ ಅತಿಥಿ ಬಿಳಿಚುಕ್ಕಿ ರೋಗ. ಮೀನಿನ ಮೈಮೇಲೆ, ರೆಕ್ಕೆಯ ಮೇಲೆ ಸಣ್ಣರವೆ ಉದುರಿಸಿದ ಹಾಗೆ ಚುಕ್ಕಿಗಳು. ಇದು ಇಕ್ತಿಯೋಫ್ತೀರಿಯಸ್ ಎಂಬ ಏಕಕೋಶ ಜೀವಿಯ ಕೆಲಸ. 1876ರಲ್ಲಿ ಫ್ರಾನ್ಸಿನ ಫೂಕೆ ಎಂಬವನು ಇದನ್ನು ಮೊದಲು ವಿವರಿಸಿದ. ಇದರ ಬಾಳುವೆಯ ಕ್ರಮ ತಿಳಿಯದೆ ಚಿಕಿತ್ಸೆ ಮಾಡಿದವರು ಸೋಲುವುದು ಗ್ಯಾರಂಟಿ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಮಗೆ ಕಾಣುವ ಆ ಬಿಳಿ ಚುಕ್ಕಿಯೊಳಗೆ, ಮೀನಿನ ಚರ್ಮದ ಅಡಿಯಲ್ಲಿ, ಅದು ಬೆಚ್ಚಗೆ ಉಂಡುಕೊಂಡಿರುತ್ತದೆ. ಅಲ್ಲಿರುವಷ್ಟು ದಿನ ಯಾವ ಔಷಧಿಯೂ ಅದನ್ನು ಮುಟ್ಟದು. ಹೊಟ್ಟೆ ತುಂಬಿದ ಮೇಲೆ ಚರ್ಮ ಹರಿದು ಹೊರಬಿದ್ದು ತಳಕ್ಕಿಳಿಯುತ್ತದೆ, ಸುತ್ತ ಒಂದು ಕೋಶ ಕಟ್ಟಿಕೊಂಡು ಒಳಗೇ ಒಡೆದೊಡೆದು ನೂರಾರು, ಕೆಲವೊಮ್ಮೆ ಸಾವಿರದಷ್ಟು ಮರಿಗಳಾಗುತ್ತದೆ. ಆ ಮರಿಗಳು ಹೊರಗೆ ಬಂದು ಈಜುತ್ತ ಹೊಸ ಮೀನನ್ನು ಹುಡುಕುತ್ತವೆ. ಎರಡು ದಿನದೊಳಗೆ ಸಿಗದಿದ್ದರೆ ಬಹುತೇಕ ಸಾಯುತ್ತವೆ. ಉಪ್ಪಾಗಲಿ ಔಷಧಿಯಾಗಲಿ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ.

ಇದರ ಅರ್ಥ ಏನು? ಮೊದಲ ದಿನ ಔಷಧಿ ಹಾಕುತ್ತೇವೆ, ನಾಲ್ಕನೇ ದಿನ ಚುಕ್ಕಿಗಳು ಮಾಯ. 'ವಾಸಿಯಾಯ್ತು' ಎಂದು ನಿಲ್ಲಿಸುತ್ತೇವೆ. ಚುಕ್ಕಿ ಮಾಯವಾದದ್ದು ರೋಗಾಣು ಸತ್ತು ಅಲ್ಲ, ಮರಿ ಹಾಕಲು ಕೆಳಗೆ ಇಳಿದದ್ದಕ್ಕೆ. ವಾರ ಕಳೆಯುವಷ್ಟರಲ್ಲಿ ಹತ್ತು ಚುಕ್ಕಿಯ ಜಾಗದಲ್ಲಿ ಇನ್ನೂರು. ನೀರು 25 ಡಿಗ್ರಿ ಆಸುಪಾಸಿದ್ದರೆ ಈ ಚಕ್ರ ವಾರದೊಳಗೆ ಒಂದು ಸುತ್ತು ಮುಗಿಯುತ್ತದೆ. ತಣ್ಣಗಿದ್ದರೆ ವಾರಗಟ್ಟಲೆ ಎಳೆಯುತ್ತದೆ. ಅದಕ್ಕೇ ಅನುಭವಸ್ಥರು ಹೀಟರ್ ಹಾಕಿ ದಿನಕ್ಕೆ ಒಂದೆರಡು ಡಿಗ್ರಿಯಂತೆ 30ಕ್ಕೆ ಏರಿಸುತ್ತಾರೆ. ಚಕ್ರ ಬೇಗ ತಿರುಗುತ್ತದೆ, ಮರಿಗಳು ಬೇಗ ಹೊರಬಂದು ಔಷಧಿಗೆ ಸಿಗುತ್ತವೆ. ಕೊನೆಯ ಚುಕ್ಕಿ ಉದುರಿದ ಮೇಲೂ ಒಂದು ವಾರ ಚಿಕಿತ್ಸೆ ನಡೆಯಲೇಬೇಕು. ದಿನಾ ತಳದ ಕೊಳೆಯನ್ನು ಪೈಪಿನಿಂದ ಎಳೆದು ತೆಗೆದರೆ ಕೋಶಗಳೂ ಅದರ ಜೊತೆ ಹೋಗುತ್ತವೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿಲಿಗ್ರಾಂ ಹಿಡಿಯುವ ನೀರು 30ರಲ್ಲಿ 7.6ಕ್ಕೆ ಇಳಿಯುತ್ತದೆ. ಕಿವಿರಿನಲ್ಲೂ ಚುಕ್ಕಿಗಳಿರುವ ಮೀನಿಗೆ ಇಷ್ಟೇ ಸಾಕು ಉಸಿರು ಕಟ್ಟಲು. ಏರ್ ಪಂಪ್ ಜೋರಾಗಿ ಓಡುತ್ತಿರಲಿ. ಕರೆಂಟ್ ಹೋಗುವ ಊರಿನವರು ಬ್ಯಾಟರಿಯ ಪಂಪ್ ಒಂದನ್ನು ಇಟ್ಟುಕೊಳ್ಳಿ.

ಬಿಸಿಯೇ ಮದ್ದು ಎಂದು ಎಲ್ಲಕ್ಕೂ ಹೀಟರ್ ಏರಿಸಬೇಡಿ. ಬಾಯಿಯ ಸುತ್ತ, ಬೆನ್ನ ಮೇಲೆ ಬಿಳಿ ಹತ್ತಿ ಅಂಟಿದಂತೆ ಕಂಡರೆ ಅದು ಎರಡರಲ್ಲಿ ಒಂದಾಗಿರಬಹುದು. ಗಾಯದ ಮೇಲೆ ಬೆಳೆದ ಬೂಸ್ಟು, ಇಲ್ಲವೇ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ. ಬೂಸ್ಟಿನ ಎಳೆಗಳು ಉದ್ದ, ನೀರಿನಲ್ಲಿ ಅಲ್ಲಾಡುತ್ತವೆ. ಕಾಲಮ್ನಾರಿಸ್ ಗಿಡ್ಡವಾಗಿ, ಬೂದುಬಿಳುಪಾಗಿ, ಅಂಚಿನಲ್ಲಿ ಹಳದಿಯೋ ಕೆಂಪೋ ತೋರಿಸುತ್ತ ಬೇಗ ಬೇಗ ಹರಡುತ್ತದೆ. ಅದು ಬಿಸಿನೀರನ್ನು ಇಷ್ಟಪಡುವ ಜೀವಿ. ಬೂಸ್ಟೆಂದು ತಿಳಿದು ಟ್ಯಾಂಕ್ ಬಿಸಿ ಮಾಡಿದರೆ ಮರುದಿನ ಬೆಳಿಗ್ಗೆ ಮೀನಿರುವುದಿಲ್ಲ. ಅಂಗಡಿಯವರು ಎರಡಕ್ಕೂ ಒಂದೇ ಬಾಟಲಿ ಕೊಡುತ್ತಾರೆ, ಅದರ ಬಗ್ಗೆ ಈಗ ಹೇಳುತ್ತೇನೆ.

ಅಕ್ವೇರಿಯಂ ಇಟ್ಟವರ ಮನೆಯಲ್ಲಿ ಮೆಥಿಲಿನ್ ಬ್ಲೂ ಇಲ್ಲದಿರುವುದು ಅಪರೂಪ. ಬೆರಳಿಗೆ, ಬನಿಯನ್ನಿಗೆ, ಟ್ಯಾಂಕಿನ ಅಂಚಿನ ಸಿಲಿಕಾನಿಗೆ ಹತ್ತಿದರೆ ಬಿಡದ ಆ ನೀಲಿ ಔಷಧಿ ಹುಟ್ಟಿದ್ದು ಬಟ್ಟೆಗೆ ಹಾಕುವ ಬಣ್ಣವಾಗಿ, ಜರ್ಮನಿಯಲ್ಲಿ. ಫೂಕೆ ಬಿಳಿಚುಕ್ಕಿಯನ್ನು ವಿವರಿಸಿದ ಅದೇ 1876ರಲ್ಲಿ! ಪಾಲ್ ಎರ್ಲಿಕ್ ಮತ್ತು ಗುಟ್‌ಮನ್ 1891ರಲ್ಲಿ ಇದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದರು. ಮನುಷ್ಯನಿಗೆ ಕೊಟ್ಟ ಮೊದಲ ಕೃತಕ ಔಷಧಿಗಳಲ್ಲಿ ಇದೂ ಒಂದು. ಬೂಸ್ಟಿಗೆ, ಮೊಟ್ಟೆಗಳನ್ನು ಕಾಪಾಡಲು ಇದು ನಿಜಕ್ಕೂ ಉಪಯುಕ್ತ. ಆದರೆ ದೊಡ್ಡ ಟ್ಯಾಂಕಿಗೆ ಸುರಿದರೆ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬಿದ್ದು, ಅಮೋನಿಯ ಏರಿ, ರೋಗವಿಲ್ಲದ ಮೀನುಗಳೂ ಮಲಗುತ್ತವೆ. ಪ್ರತ್ಯೇಕ ತೊಟ್ಟಿಯಲ್ಲಷ್ಟೇ ಬಳಸಿ, ಫಿಲ್ಟರಿನಲ್ಲಿ ಇದ್ದಿಲಿದ್ದರೆ ಮೊದಲು ತೆಗೆಯಿರಿ; ಇದ್ದಿಲು ಔಷಧಿಯನ್ನು ಹೀರಿಕೊಂಡುಬಿಡುತ್ತದೆ.

ಇನ್ನು ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬಿಡಿಸಿ ನೀರಿಗೆ ಉದುರಿಸುವ ಪದ್ಧತಿ. ಇದನ್ನು ನಾನು ಒಪ್ಪುವುದಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಟೆಟ್ರಾಸೈಕ್ಲಿನ್ನನ್ನು ಕಟ್ಟಿಹಾಕುವುದರಿಂದ ನಮ್ಮ ಬೋರ್‌ವೆಲ್ ನೀರಿನಲ್ಲಿ ಅದರ ಶಕ್ತಿಯೇ ಕುಂದುತ್ತದೆ. ಮೀನಿಗೆ ಗುಣವಾಗದಿದ್ದರೂ ಅರೆಬರೆ ಔಷಧಿಗೆ ಪಳಗಿದ ಬ್ಯಾಕ್ಟೀರಿಯಾಗಳು ಮೋರಿಯ ದಾರಿ ಹಿಡಿದು ಊರು ಸೇರುತ್ತವೆ. ಪರೀಕ್ಷೆಯಿಲ್ಲದೆ, ತಿಳಿದವರ ಸಲಹೆಯಿಲ್ಲದೆ ಆಂಟಿಬಯೋಟಿಕ್ ಬೇಡವೇ ಬೇಡ.

ಗಾಯವಾದರೆ

ಮೀನಿಗೆ ಗಾಯವಾಗುವ ದಾರಿಗಳು ಹಲವು. ಜಗಳ, ಚೂಪಾದ ಅಲಂಕಾರದ ಕಲ್ಲು, ಫಿಲ್ಟರಿನ ಬಾಯಿ, ಮುಚ್ಚಳವಿಲ್ಲದ ಟ್ಯಾಂಕಿನಿಂದ ನೆಲಕ್ಕೆ ಹಾರಿದ ಅರೋವಾನ. ನೆಲದ ಮೇಲೆ ಬಿದ್ದದ್ದು ಇನ್ನೂ ಕಿವಿರು ಆಡಿಸುತ್ತಿದ್ದರೆ ಕೈ ಒದ್ದೆ ಮಾಡಿಕೊಂಡು ಎತ್ತಿ ನೀರಿಗೆ ಬಿಡಿ, ಏರ್ ಪಂಪಿನ ಗುಳ್ಳೆಗಳ ಹತ್ತಿರ ಇರಲಿ. ಒಣ ಕೈ, ಒಣ ಟವೆಲ್ ಲೋಳೆಯನ್ನು ಎಳೆದು ತೆಗೆಯುತ್ತವೆ. ಗೋಲ್ಡ್ ಫಿಶ್, ಕೋಯಿಗಳ ಮೈಯಲ್ಲಿ ಸಣ್ಣ ದಾರದ ತುಂಡು ನೇತಾಡುತ್ತಿದ್ದರೆ ಅದು ಲರ್ನಿಯ. ಸಿಗಡಿ ಏಡಿಗಳ ದೂರದ ನೆಂಟ, ತಲೆ ಲಂಗರಿನ ಹಾಗೆ ಮಾಂಸದೊಳಗೆ ಹೂತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು, ಚಿಮಟದಿಂದ ಬುಡದ ಹತ್ತಿರವೇ ಹಿಡಿದು ಎಳೆದು, ಆ ಜಾಗಕ್ಕೆ ಹತ್ತಿಯ ಕಡ್ಡಿಯಲ್ಲಿ ಒಂದು ಹನಿ ಬೆಟಾಡಿನ್ ಮುಟ್ಟಿಸಿ ನೀರಿಗೆ ಬಿಟ್ಟರೆ ಗಾಯ ಮಾಯುತ್ತದೆ. ಕಿವಿರಿಗೆ ಮಾತ್ರ ಬೆಟಾಡಿನ್ ತಾಗಬಾರದು. ಮರಿಗಳು ನೀರಿನಲ್ಲೇ ಇರುತ್ತವಾದ್ದರಿಂದ ಮೂರು ನಾಲ್ಕು ವಾರ ಕಣ್ಣಿಟ್ಟಿರಿ.

ಹರಿದ ರೆಕ್ಕೆಯ ಬಗ್ಗೆ ಚಿಂತೆ ಬೇಡ. ನೀರು ಶುಚಿಯಾಗಿದ್ದರೆ ಅದು ಮತ್ತೆ ಬೆಳೆಯುತ್ತದೆ. ಜೀಬ್ರಾ ಮೀನಿನ ಬಾಲದ ರೆಕ್ಕೆ ಕತ್ತರಿಸಿದರೆ ಎರಡು ವಾರದ ಸುಮಾರಿಗೆ ಹೊಸದು ಬರುತ್ತದೆ. ರೆಕ್ಕೆಯೇನು, ಹೃದಯದ ಕೆಳಕೋಣೆಯ ಐದನೇ ಒಂದು ಭಾಗ ಕತ್ತರಿಸಿದರೂ ಎರಡು ತಿಂಗಳಲ್ಲಿ ಅದು ಬೆಳೆಸಿಕೊಳ್ಳುತ್ತದೆ ಎಂದು 2002ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಜಗತ್ತಿನ ಪ್ರಯೋಗಾಲಯಗಳನ್ನೆಲ್ಲ ಆಳುತ್ತಿರುವ ಈ ಪುಟ್ಟ ಪಟ್ಟೆಮೀನು ನಮ್ಮ ದೇಶದ್ದು. 1822ರಲ್ಲಿ ಗಂಗಾ ನದಿಯ ಮೀನುಗಳ ಗ್ರಂಥದಲ್ಲಿ ಇದನ್ನು ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಮಡಿದ ಮರುವರ್ಷ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ಬೆಳೆ, ಜಾತಿ, ಕಸುಬುಗಳನ್ನೆಲ್ಲ ಬರೆದಿಟ್ಟ ಬುಕಾನನ್ ಎಂದರೆ ಕನ್ನಡದ ಇತಿಹಾಸ ಓದುವವರಿಗೆ ಥಟ್ಟನೆ ಗೊತ್ತಾಗುತ್ತದೆ, ಇಬ್ಬರೂ ಒಬ್ಬನೇ.

ಹೊಟ್ಟೆ ಉಬ್ಬಿ ಪಕ್ಕಕ್ಕೆ ವಾಲಿ ತೇಲುವುದು ದುಂಡು ಮೈಯ ಗೋಲ್ಡ್ ಫಿಶ್‌ಗಳ ತಳಿಗೇ ಅಂಟಿದ ತೊಂದರೆ. ಎರಡು ಮೂರು ದಿನ ಉಪವಾಸ, ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯ ಚೂರು, ಮಲಬದ್ಧತೆಯಾಗಿದ್ದರೆ ಸರಿಹೋಗುತ್ತದೆ. ಹೊಟ್ಟೆ ಉಬ್ಬುವುದರ ಜೊತೆಗೆ ಹುರುಪೆಗಳೆಲ್ಲ ಎದ್ದು ನಿಂತು ಮೇಲಿನಿಂದ ನೋಡಿದರೆ ಮೈ ಮುಳ್ಳುಮುಳ್ಳಾಗಿ ಕಾಣುತ್ತಿದ್ದರೆ ಮೂತ್ರಪಿಂಡ ಕೈಕೊಟ್ಟಿದೆ. ಅಲ್ಲಿಂದ ತಿರುಗಿ ಬರುವ ಮೀನುಗಳು ಬಹಳ ಕಡಿಮೆ.

'ಅಷ್ಟಕ್ಕೂ ಮೀನಿಗೆ ನೋವಾಗುತ್ತದೆಯೇ?' ಈ ಪ್ರಶ್ನೆ ಬಂದೇ ಬರುತ್ತದೆ. 2003ರಲ್ಲಿ ಎಡಿನ್‌ಬರೊದಲ್ಲಿ ಲಿನ್ ಸ್ನೆಡ್ಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ ನೋವನ್ನು ಗ್ರಹಿಸುವ ನರತುದಿಗಳನ್ನು ಗುರುತಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ತುಟಿಯನ್ನು ಜಲ್ಲಿಗೆ ಉಜ್ಜಿಕೊಂಡವು, ಗಂಟೆಗಟ್ಟಲೆ ಊಟ ಬಿಟ್ಟವು. ಮಾರ್ಫಿನ್ ಕೊಟ್ಟಾಗ ಆ ಚಡಪಡಿಕೆ ಕಡಿಮೆಯಾಯಿತು. ನಮ್ಮಂಥ ಮಿದುಳಿನ ಹೊರಪದರ ಇಲ್ಲದ ಪ್ರಾಣಿಗೆ ನೋವಿನ ಅರಿವು ಸಾಧ್ಯವಿಲ್ಲ ಎನ್ನುವ ವಿಜ್ಞಾನಿಗಳೂ ಇದ್ದಾರೆ, ವಾದ ಮುಗಿದಿಲ್ಲ. ಸೋಂಕು ತಗುಲಿದ ಮೀನುಗಳು ತಾವಾಗಿ ಬೆಚ್ಚಗಿನ ನೀರಿನತ್ತ ಸರಿದು ಮೈಬಿಸಿ ಏರಿಸಿಕೊಳ್ಳುತ್ತವೆ ಎಂಬುದಂತೂ 1976ರಷ್ಟು ಹಿಂದೆಯೇ ಗೊತ್ತಾಗಿದೆ. ಜ್ವರ ಬರಿಸಿಕೊಳ್ಳಲು ಹೊಳೆಯಲ್ಲಿ ಜಾಗವಿದೆ, ಎರಡಡಿ ಟ್ಯಾಂಕಿನಲ್ಲಿ ಇಲ್ಲ. ನನ್ನ ಮಟ್ಟಿಗೆ ಚಿಮಟ ಹಿಡಿಯುವಾಗ ಕೈ ಹಗುರವಾಗಿರಬೇಕು ಎನ್ನುವುದಕ್ಕೆ ಇಷ್ಟು ಸಾಕು.

ಮೆಲ್ಬರ್ನಿನ ಲಾರ್ಟ್ ಸ್ಮಿತ್ ಪ್ರಾಣಿ ಆಸ್ಪತ್ರೆಯಲ್ಲಿ 2014ರಲ್ಲಿ ಜಾರ್ಜ್ ಎಂಬ ಹತ್ತು ವರ್ಷದ ಗೋಲ್ಡ್ ಫಿಶ್‌ಗೆ ತಲೆಯ ಮೇಲಿನ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆ ನಡೆಯಿತು. ಅರಿವಳಿಕೆಯ ನೀರು ಒಂದು ಬಕೆಟ್ಟಿನಲ್ಲಿ, ಕಡಿಮೆ ಅರಿವಳಿಕೆಯದು ಇನ್ನೊಂದರಲ್ಲಿ, ಎಚ್ಚರಿಸಲು ಶುದ್ಧ ನೀರು ಮತ್ತೊಂದರಲ್ಲಿ. ಬಾಯಿಗೆ ಸಣ್ಣ ಕೊಳವೆ ಇಟ್ಟು ಕಿವಿರಿನ ಮೇಲೆ ನೀರು ಹರಿಸುತ್ತ ಮುಕ್ಕಾಲು ಗಂಟೆಯ ಕೆಲಸ. ಖರ್ಚು ಸುಮಾರು 200 ಆಸ್ಟ್ರೇಲಿಯನ್ ಡಾಲರ್. ನಮ್ಮಲ್ಲಿ ನಾಯಿ, ಬೆಕ್ಕು, ಹಸುಗಳ ವೈದ್ಯರು ಸಿಗುವಷ್ಟು ಸುಲಭವಾಗಿ ಮೀನಿನ ವೈದ್ಯರು ಸಿಗುವುದಿಲ್ಲ. ಆದರೆ ಮೀನಿನ ರೋಗ ಬಲ್ಲವರು ಇದ್ದಾರೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಈ ವಿದ್ಯೆ ಕಲಿಸುತ್ತಿದೆ, ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಮೀನುಗಾರಿಕೆಯ ಸಂಶೋಧನಾ ಕೇಂದ್ರಗಳಿವೆ. ದುಬಾರಿ ಮೀನು ಸಾಕುವವರು, ಮನೆಯಲ್ಲೇ ಮರಿ ಮಾಡಿಸಿ ಮಾರುವವರು ಸಾಲಾಗಿ ಮೀನು ಸಾಯುತ್ತಿರುವಾಗ ಅಂಗಡಿಯ ಹುಡುಗನ ಬದಲು ಇಂಥ ಕಡೆ ವಿಚಾರಿಸುವುದು ಲೇಸು. 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ಮೀನಿನ ಆರೋಗ್ಯ ಕಾಪಾಡುವ ನಿಯಮಗಳನ್ನು ತಂದಿತ್ತು. ವ್ಯಾಪಾರಿಗಳ ವಿರೋಧ ಬಂದು ಕೆಲವೇ ತಿಂಗಳಲ್ಲಿ ಹಿಂದಕ್ಕೆ ಪಡೆಯಿತು. ನೂರಕ್ಕೂ ಹೆಚ್ಚು ಜಾತಿಯ ಮೀನುಗಳ ಮಾರಾಟಕ್ಕೇ ಅಡ್ಡಿಯಾಗುವಂತಿದ್ದ ಆ ನಿಯಮಗಳು ಅತಿಯಾಗಿದ್ದವು, ನಿಜ. ಹಾಗೆಂದು ಯಾವ ನಿಯಮವೂ ಬೇಡ ಎನ್ನುವುದೂ ಅತಿಯೇ.

ಆರೈಕೆ ಮಾಡುವವರು ತಮ್ಮ ಕೈಯನ್ನೂ ನೋಡಿಕೊಳ್ಳಬೇಕು. ಫಿಲಡೆಲ್ಫಿಯಾದ ಮತ್ಸ್ಯಾಲಯದಲ್ಲಿ ಸತ್ತ ಮೀನುಗಳಿಂದ 1926ರಲ್ಲಿ ಗುರುತಿಸಿದ ಮೈಕೊಬ್ಯಾಕ್ಟೀರಿಯಂ ಮರೈನಮ್ ಕ್ಷಯದ ರೋಗಾಣುವಿನ ಹತ್ತಿರದ ನೆಂಟ. ಗಾಯವಿರುವ ಕೈಯನ್ನು ಟ್ಯಾಂಕಿಗೆ ಹಾಕಿದರೆ ಚರ್ಮದಲ್ಲಿ ವಾಸಿಯಾಗದ ಗಂಟುಗಳನ್ನು ಎಬ್ಬಿಸಬಲ್ಲದು. ಕೈಗವಸು ಹಾಕಿಕೊಳ್ಳಿ, ನೀರು ತೆಗೆಯಲು ಪೈಪನ್ನು ಬಾಯಿಂದ ಎಳೆಯಬೇಡಿ. ಕೈಯ ಗಂಟು ತೋರಿಸಲು ಡಾಕ್ಟರ ಬಳಿ ಹೋದಾಗ ಮನೆಯಲ್ಲಿ ಅಕ್ವೇರಿಯಂ ಇದೆ ಎಂದು ನೀವಾಗಿಯೇ ಹೇಳಿ.

ಏನು ಮಾಡಿದರೂ ಉಳಿಯದ ಮೀನನ್ನು ಟಾಯ್ಲೆಟ್ಟಿಗೆ ಹಾಕಿ ನೀರು ಬಿಡುವುದು, ಜೀವಂತ ಫ್ರೀಜರಿನಲ್ಲಿಡುವುದು ಎರಡೂ ಕ್ರೂರ. ಅಂಗಡಿಯಲ್ಲಿ ಸಿಗುವ ಲವಂಗದ ಎಣ್ಣೆಯಲ್ಲಿ ಯೂಜಿನಾಲ್ ಎಂಬ ಅರಿವಳಿಕೆಯಿದೆ. ಒಂದು ಲೀಟರ್ ನೀರಿಗೆ 0.4 ಮಿಲಿಲೀಟರಿನಷ್ಟು ಎಣ್ಣೆಯನ್ನು ಮೊದಲು ಸಣ್ಣ ಬಾಟಲಿಯ ಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಕುಲುಕಿ ಬೆರೆಸಿ ಮೀನನ್ನು ಅದರಲ್ಲಿ ಬಿಟ್ಟರೆ ನಿದ್ದೆಗೆ ಜಾರುತ್ತದೆ. ಕಿವಿರಿನ ಚಲನೆ ನಿಂತ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಆಮೇಲೆ ಕುಂಡದಲ್ಲೋ ಹಿತ್ತಲಲ್ಲೋ ಮಣ್ಣು ಮಾಡಿ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ 1996ರಲ್ಲಿ ವಿಷವಿಟ್ಟು ಕೊಂದ ದೇವರ ಮೀನುಗಳಿಗೆ ಜನ ಸ್ಮಾರಕವನ್ನೇ ಕಟ್ಟಿದ್ದಾರೆ; ಮೀನಿಗೆ ಮಣ್ಣು ಕೊಟ್ಟರೆ ಯಾರೂ ನಗುವುದಿಲ್ಲ.

ಸಾಕಲಾಗದ ಮೀನನ್ನಾಗಲಿ, ಕಾಯಿಲೆಯ ಮೀನನ್ನಾಗಲಿ 'ಪಾಪ, ಬದುಕಿಕೊಳ್ಳಲಿ' ಎಂದು ಹತ್ತಿರದ ಕೆರೆಗೆ ಬಿಡಬೇಡಿ. ಟ್ಯಾಂಕಿನ ಗಾಜು ನೆಕ್ಕಲೆಂದು ತಂದು, ದೊಡ್ಡದಾಯಿತೆಂದು ಕೆರೆಗೆ ಬಿಟ್ಟ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಈಗ ದಕ್ಷಿಣ ಭಾರತದ ಅನೇಕ ಕೆರೆಗಳಲ್ಲಿ ತುಂಬಿಕೊಂಡು ಬೆಸ್ತರ ಬಲೆ ಹರಿಯುತ್ತಿದೆ. ಮುಂದಿನ ಸಲ ಅಂಗಡಿಗೆ ಹೋದಾಗ ಮೀನಿನ ಜೊತೆಗೆ ಅಮೋನಿಯ ಟೆಸ್ಟ್ ಕಿಟ್ ಕೊಡಿ ಎಂದು ಕೇಳಿ. 'ಅದೆಲ್ಲ ಬೇಡ ಸಾರ್, ಈ ನೀಲಿ ಔಷಧಿ ನಾಲ್ಕು ಹನಿ ಹಾಕಿ ಸಾಕು' ಎಂದರೆ ಮೀನನ್ನು ಅಲ್ಲೇ ಬಿಟ್ಟು ಬೇರೆ ಅಂಗಡಿ ನೋಡಿ.